ಮಾವಿನ ಫಲವನ್ನು ಮಾರುವ ಸ್ಥಳದ ಆಯ್ಕೆ
(ಸಣ್ಣ ಹಿಡುವಳಿದಾರರ ಮತ್ತು ಗ್ರಾಮದ ಪ್ರಮುಖರ ಉಪಯೋಗಕ್ಕಾಗಿ)

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಣ ಗ್ರಾಮಗಳಲ್ಲಿ ಮಾವು ಮುಖ್ಯವಾದ ತೋಟದ ಬೆಳೆಯಾಗಿರುವುದು ಸರ್ವವಿದಿತವಾಗಿದೆ. ಎರಡು ಮೂರು ಎಕರೆ ತೋಟವುಳ್ಳ ರೈತನು ಉಳುಮೆ, ಗೊಬ್ಬರ, ಔಷಧ ಸಿಂಪಡಣೆಗಳಲ್ಲಿ ವರ್ಷವೆಲ್ಲಾ ಶ್ರಮಪಟ್ಟರೂ, ಅವನ ಲಾಭನಷ್ಟಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಫಲವನ್ನು ಮಾರುವ ಕೆಲವೇ ವಾರಗಳಲ್ಲಿ. ಧಾನ್ಯವಾದರೆ ಕಣಜದಲ್ಲಿಟ್ಟು ಬೆಲೆ ಬರುವವರೆಗೆ ತಡೆಯಬಹುದು. ಬಲಿತ ಮಾವಿನಕಾಯಿಯು ಯಾರಿಗಾಗಿಯೂ ಕಾಯುವುದಿಲ್ಲ. ಆದಕಾರಣ ಎಲ್ಲಿ ಮಾರಬೇಕೆಂಬುದನ್ನು ಕಾಯಿ ಕೀಳುವುದಕ್ಕೆ ಮುಂಚಿತವಾಗಿಯೇ ಆಲೋಚಿಸತಕ್ಕದ್ದು.

1. ಮಾರಾಟದ ಮಾರ್ಗಗಳು

ಸಣ್ಣ ತೋಟದವರಿಗೆ ಸಾಮಾನ್ಯವಾಗಿ ನಾಲ್ಕು ಮಾರ್ಗಗಳುಂಟು.

(ಅ) ಹೂ ಅಥವಾ ಪಿಂದೆ ಇರುವಾಗಲೇ ತೋಟವನ್ನು ಗುತ್ತಿಗೆದಾರನಿಗೆ ಕೊಡುವುದು. ಜಿಗಿಹುಳು, ಆಲಿಕಲ್ಲು, ಗಾಳಿಮಳೆಗಳ ಅಪಾಯವು ಇದರಲ್ಲಿ ಗುತ್ತಿಗೆದಾರನದಾಗುತ್ತದೆ. ಹಣವೂ ಬೇಗ ಕೈಸೇರುತ್ತದೆ. ಆದರೆ ಫಸಲು ಹುಲುಸಾಗಿ ಬಂದ ವರ್ಷದ ಲಾಭವೂ ಅವನದೇ. ಇದಲ್ಲದೆ ಎಳೆಯ ಕಾಯಿ ಕೀಳುವುದು, ಕೊಂಬೆ ಮುರಿಯುವುದು ಮುಂತಾದ ತೊಂದರೆಗಳನ್ನು ಮರದ ಒಡೆಯನು ಅನುಭವಿಸಬೇಕಾಗುತ್ತದೆ.

(ಆ) ಸಮೀಪದ ಕೃಷಿ ಉತ್ಪನ್ನ ಮಾರುಕಟ್ಟೆಯ ಮಂಡಿಗೆ ಒಯ್ಯುವುದು. ಸಾಗಣೆಯ ವೆಚ್ಚ ಕಡಿಮೆ. ಎಷ್ಟು ಫಲವಾದರೂ ಮಾರಾಟವಾಗುತ್ತದೆ. ಆದರೆ ಎಲ್ಲರ ಕಾಯಿಯೂ ಒಮ್ಮೆಗೇ ಬಂದು ಸೇರಿದ ದಿನ ಧಾರಣೆಯು ಇಳಿದುಬಿಡುತ್ತದೆ.

(ಇ) ತಿರುಳು ತೆಗೆಯುವ ಕಾರ್ಖಾನೆಗಳಿಗೆ ಕೊಡುವುದು. ಇವು ವಿಶೇಷವಾಗಿ ತೋತಾಪುರಿಯನ್ನು ಅಪೇಕ್ಷಿಸುತ್ತವೆ.

(ಈ) ಬೆಂಗಳೂರಿನಂತಹ ದೊಡ್ಡ ಪಟ್ಟಣದಲ್ಲಿ ಮಾರುವುದು, ಅಥವಾ ಬೆಳೆಗಾರರ ಸಹಕಾರ ಸಂಘಕ್ಕೆ ಕೊಡುವುದು. 1959ರಲ್ಲಿ ದ್ರಾಕ್ಷಿ ಬೆಳೆಗಾರರಿಗಾಗಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಂಘವೇ ಬೆಳೆದು ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇಂತಹ ಕಡೆಗಳಲ್ಲಿ ಕಾಯಿಯು ಒಂದೇ ಗಾತ್ರದ್ದಾಗಿಯೂ ಗಾಯವಿಲ್ಲದ್ದಾಗಿಯೂ ಇದ್ದರೆ ಮಾತ್ರ ಒಳ್ಳೆಯ ಬೆಲೆ ದೊರೆಯುವುದು.

2. ತಳಿಗೆ ತಕ್ಕ ಮಾರುಕಟ್ಟೆ

ಎಲ್ಲ ತಳಿಗಳಿಗೂ ಒಂದೇ ಮಾರುಕಟ್ಟೆಯು ಒಪ್ಪುವುದಿಲ್ಲ. ರಸಪುರಿಯು ತೆಳುವಾದ ಸಿಪ್ಪೆಯದೂ ಬಹು ರಸವುಳ್ಳದ್ದೂ ಆದುದರಿಂದ ದೂರದ ಪ್ರಯಾಣವನ್ನು ಸಹಿಸದು. ಅದನ್ನು ಹತ್ತಿರದಲ್ಲಿಯೇ ಮಾರುವುದು ಲೇಸು. ಬಾದಾಮಿಯು ಪಟ್ಟಣದ ಗಿರಾಕಿಗಳಿಗೆ ಪ್ರಿಯವಾದುದು. ಅದನ್ನು ವಿಂಗಡಿಸಿ ಪೆಟ್ಟಿಗೆಗಳಲ್ಲಿ ಕಳುಹಿಸುವ ಶ್ರಮವು ವ್ಯರ್ಥವಾಗುವುದಿಲ್ಲ. ತೋತಾಪುರಿಯು ದಪ್ಪ ಸಿಪ್ಪೆಯುಳ್ಳದ್ದಾಗಿ ಸಾಗಣೆಯನ್ನು ತಾಳುತ್ತದೆ. ಆದರೆ ಅದರ ಬೆಲೆಯು ಕಾರ್ಖಾನೆಗಳ ಬೇಡಿಕೆಯನ್ನೇ ಬಹುವಾಗಿ ಅವಲಂಬಿಸಿರುತ್ತದೆ.

3. ಕೈಗೆ ಉಳಿಯುವ ಹಣದ ಲೆಕ್ಕ

ಕೂಗಿದ ಧಾರಣೆಯನ್ನು ಮಾತ್ರ ನೋಡಿ ಮಾರುಕಟ್ಟೆಯನ್ನು ಆರಿಸುವುದು ತಪ್ಪು. ದೃಷ್ಟಾಂತಕ್ಕಾಗಿ 1,000 ಕಿಲೋ ಕಾಯಿಯ ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು.

ಸಮೀಪದ ಮಂಡಿಯಲ್ಲಿ ಕಿಲೋಗೆ 20 ರೂಪಾಯಿ. ದಾರಿಯಲ್ಲಿ 20 ಕಿಲೋ ಕೆಟ್ಟು 980 ಕಿಲೋ ಮಾರಿದರೆ 19,600 ರೂಪಾಯಿ. ಸಾಗಣೆ, ಹಮಾಲಿ ಮೊದಲಾದ ಖರ್ಚು 1,200 ಕಳೆದು ಉಳಿಯುವುದು 18,400.

ದೂರದ ಪಟ್ಟಣದಲ್ಲಿ ಕಿಲೋಗೆ 26 ರೂಪಾಯಿ. ಅಜಾಗರೂಕತೆಯಿಂದ ತುಂಬಿದ ಕಾಯಿಯಲ್ಲಿ 80 ಕಿಲೋ ಕೆಟ್ಟರೆ 920 ಕಿಲೋಗೆ 23,920 ರೂಪಾಯಿ. ಸಾಗಣೆ 2,800, ಪೆಟ್ಟಿಗೆಗಳಿಗೆ 1,500, ಇತರ ಖರ್ಚು 1,100, ಒಟ್ಟು 5,400 ಕಳೆದರೆ 18,520. ಕಿಲೋಗೆ 6 ರೂಪಾಯಿ ಹೆಚ್ಚೆಂದು ಕಂಡದ್ದು ಕೊನೆಗೆ 120 ರೂಪಾಯಿಯಾಗಿ ನಿಂತಿತು. ರೈತನ ಒಂದು ದಿನದ ಕೆಲಸವೂ ಹೋಯಿತು.

ಅದೇ ಕಾಯಿಯನ್ನು ಜೋಪಾನವಾಗಿ ಕಿತ್ತು ತುಂಬಿ, ಕೆಡುವುದು 30 ಕಿಲೋಗೆ ಇಳಿದರೆ ಕೈಗೆ 19,820 ರೂಪಾಯಿ ಬರುತ್ತದೆ. ನೆರೆಯ ಮೂವರು ಕೂಡಿ ಒಂದೇ ವಾಹನ ಮಾಡಿ, ತಲಾ ಸಾಗಣೆಯು 1,500 ರೂಪಾಯಿಗೆ ಬಂದರೆ ಉಳಿಯುವುದು 21,120. ಇದರಿಂದ ತಿಳಿಯುವುದೇನೆಂದರೆ, ದೂರದ ಮಾರುಕಟ್ಟೆಯು ತಾನಾಗಿ ಲಾಭವನ್ನು ಕೊಡುವುದಿಲ್ಲ. ಜೋಪಾನವೂ ಒಗ್ಗಟ್ಟೂ ಕೂಡಿದಾಗಲೇ ಕೊಡುತ್ತದೆ.

ಜೋಪಾನವೆಂದರೆ ಇಷ್ಟೇ: ಬಲಿತ ಕಾಯಿಯನ್ನು ಬೆಳಗಿನ ತಂಪಿನಲ್ಲಿ ತೊಟ್ಟುಸಹಿತ ಕೀಳತಕ್ಕದ್ದು; ನೆಲಕ್ಕೆ ಬೀಳಿಸಕೂಡದು; ಸೊನೆಯು ಸಿಪ್ಪೆಗೆ ತಗಲದಂತೆ ನೆರಳಿನಲ್ಲಿ ತೊಟ್ಟನ್ನು ಕೆಳಮಾಡಿ ಇಡತಕ್ಕದ್ದು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿನಿಂದ ನಿಷಿದ್ಧವಾಗಿದೆ, ಆರೋಗ್ಯಕ್ಕೂ ಹಾನಿಕರ.

4. ಮುಂಗಡ ಹಣದ ವಿಷಯ

ಮೇಲಣ ಲೆಕ್ಕವೆಲ್ಲವೂ ಸ್ವತಂತ್ರನಾದ ರೈತನಿಗೆ ಮಾತ್ರ ಉಪಯೋಗಕ್ಕೆ ಬರುವುದು. ಮಂಡಿಯವರಿಂದಲೋ ಗುತ್ತಿಗೆದಾರನಿಂದಲೋ ಮುಂಗಡ ಪಡೆದವನು ಆ ಮಂಡಿಗೇ ಕಾಯಿ ತರಬೇಕಾಗುತ್ತದೆ. ಅಂಥವನ ಮಾರುಕಟ್ಟೆಯ ಆಯ್ಕೆಯು ಕಾಯಿ ಕಿತ್ತ ದಿನದಲ್ಲಲ್ಲ, ಸಾಲ ಪಡೆದ ದಿನದಲ್ಲಿಯೇ ಮುಗಿದಿರುತ್ತದೆ. ಮದುವೆ, ಔಷಧೋಪಚಾರ, ಮಕ್ಕಳ ಓದು ಇವುಗಳಿಗೆ ಹಣ ಬೇಕಾಗುವುದು ಸಹಜ. ಆದುದರಿಂದ ಮುಂಗಡ ಪಡೆದವನನ್ನು ಜರೆಯುವುದು ನ್ಯಾಯವಲ್ಲ. ಆದರೆ ಪ್ರಾಥಮಿಕ ಸಹಕಾರ ಸಂಘದಿಂದ ಬೆಳೆಸಾಲ ದೊರೆಯುವುದೇ ಎಂದು ಮೊದಲು ವಿಚಾರಿಸತಕ್ಕದ್ದು. ಮುಂಗಡವು ಅನಿವಾರ್ಯವಾದರೆ ತೋಟದ ಒಂದು ಭಾಗಕ್ಕೆ ಮಾತ್ರ ಪಡೆದು, ಉಳಿದ ಮರಗಳ ಫಲವನ್ನು ಸ್ವಾಧೀನದಲ್ಲಿಟ್ಟುಕೊಳ್ಳುವುದು ವಿವೇಕ. ಕರಾರು ಬರವಣಿಗೆಯಲ್ಲಿಯೇ ಇರತಕ್ಕದ್ದು.

5. ಒಂದೇ ಬಾಗಿಲನ್ನು ನಂಬುವುದರ ಅಪಾಯ

2025ರ ಜೂನ್ ತಿಂಗಳಲ್ಲಿ ತೋತಾಪುರಿಯ ಧಾರಣೆ ಬಹಳ ಕುಸಿದಿರುವಾಗಲೇ, ನೆರೆಯ ಚಿತ್ತೂರು ಜಿಲ್ಲೆಯ ಆಡಳಿತವು ಹೊರರಾಜ್ಯದ ತೋತಾಪುರಿಯ ಪ್ರವೇಶವನ್ನು ತಡೆಯಿತು. ಗಡಿಯಾಚೆಯ ಕಾರ್ಖಾನೆಗಳನ್ನೇ ನೆಚ್ಚಿದ್ದ ಕೋಲಾರ ಸೀಮೆಯ ಬೆಳೆಗಾರರು ಮಹಾ ಸಂಕಟಕ್ಕೆ ಒಳಗಾದರು. ಅನಂತರ ಕ್ವಿಂಟಲಿಗೆ 1,616 ರೂಪಾಯಿಗಳನ್ನು ಮಾರುಕಟ್ಟೆ ಮಧ್ಯಪ್ರವೇಶದ ದರವಾಗಿ ಗೊತ್ತುಮಾಡಿ, 2.5 ಲಕ್ಷ ಟನ್ನುಗಳವರೆಗೆ ಸಹಾಯ ನೀಡಲು ಕೇಂದ್ರ ಸರ್ಕಾರವು ಸಮ್ಮತಿಸಿತು. ಆದರೆ ಸಹಾಯವು ಬರುವವರೆಗೆ ಕಾಯಿಯು ಮರದಲ್ಲಿ ನಿಲ್ಲುವುದಿಲ್ಲ. ಒಂದೇ ತಳಿ, ಒಂದೇ ಗಿರಾಕಿ, ಒಂದೇ ದಾರಿ ಎಂದು ಕುಳಿತವನಿಗೆ ಆ ದಾರಿ ಮುಚ್ಚಿದ ದಿನ ಬೇರೆ ಗತಿಯಿರದು. ಆದಕಾರಣ ಹೊಸದಾಗಿ ಗಿಡ ನೆಡುವಾಗ ಎರಡು ಮೂರು ತಳಿಗಳನ್ನು ಸೇರಿಸುವುದೂ, ಪ್ರತಿ ವರ್ಷವೂ ಫಲದಲ್ಲಿ ಸ್ವಲ್ಪವನ್ನಾದರೂ ಎರಡನೆಯ ಮಾರುಕಟ್ಟೆಗೆ ಕಳುಹಿಸಿ ಪರಿಚಯವನ್ನು ಉಳಿಸಿಕೊಳ್ಳುವುದೂ ಅವಶ್ಯಕ.

6. ಗ್ರಾಮದ ಪ್ರಮುಖರು ಮಾಡತಕ್ಕ ಕೆಲಸ

ಸುಗ್ಗಿಯ ಕಾಲದಲ್ಲಿ ಎರಡು ಮೂರು ಮಾರುಕಟ್ಟೆಗಳ ಧಾರಣೆಯನ್ನು ದಿನವೂ ತಿಳಿದು ಎಲ್ಲರಿಗೂ ಕಾಣುವಂತೆ ಚಾವಡಿಯಲ್ಲಿ ಬರೆಯಿಸತಕ್ಕದ್ದು. ಸಣ್ಣ ತೋಟದವರನ್ನು ಒಟ್ಟುಗೂಡಿಸಿ ವಾಹನವನ್ನು ಗೊತ್ತುಮಾಡತಕ್ಕದ್ದು. ಸರಿಯಾದ ತೂಕದ ಯಂತ್ರವೊಂದು ಊರಿನಲ್ಲಿಯೇ ಇದ್ದರೆ ಮಂಡಿಯ ತೂಕವನ್ನು ಒರೆಹಚ್ಚಿ ನೋಡಲು ಅನುಕೂಲ. ಪ್ರತಿ ಮಾರಾಟಕ್ಕೂ ಚೀಟಿ ಪಡೆಯುವಂತೆಯೂ, ಪಹಣಿಯಲ್ಲಿ ಮಾವಿನ ಬೆಳೆ ಸರಿಯಾಗಿ ದಾಖಲಾಗುವಂತೆಯೂ ರೈತರಿಗೆ ತಿಳಿವಳಿಕೆ ನೀಡತಕ್ಕದ್ದು.

7. ಸಾರಾಂಶ

ಧಾರಣೆಯನ್ನಲ್ಲ, ಕೈಗೆ ಉಳಿಯುವ ಹಣವನ್ನು ನೋಡತಕ್ಕದ್ದು. ತಳಿಗೆ ತಕ್ಕ ಸ್ಥಳವನ್ನು ಆರಿಸತಕ್ಕದ್ದು. ಮುಂಗಡಕ್ಕೆ ಇಡೀ ತೋಟವನ್ನು ಒಪ್ಪಿಸಕೂಡದು. ಎರಡನೆಯ ಬಾಗಿಲನ್ನು ಯಾವಾಗಲೂ ತೆರೆದಿಡತಕ್ಕದ್ದು. ಪ್ರತಿ ವರ್ಷದ ಇಳುವರಿ, ಖರ್ಚು, ಮಾರಿದ ಸ್ಥಳ, ಬಂದ ಹಣ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟ ರೈತನಿಗೆ ಮೂರು ನಾಲ್ಕು ವರ್ಷಗಳಲ್ಲಿ ಆ ಪುಸ್ತಕವೇ ಒಳ್ಳೆಯ ಸಲಹೆಗಾರನಾಗುವುದು.