ವೀಗನ್ ಅಂಗಡಿಗೆ ಗಿರಾಕಿ ಯಾರು?

ಮೈಸೂರಿನಲ್ಲಿ ಅಂಗಡಿ ತೆರೆದು ವರ್ಷವಾಗುತ್ತ ಬಂದರೂ ಬಾಡಿಗೆಯೇ ಹುಟ್ಟುತ್ತಿಲ್ಲ ಎಂದು ಬರೆದಿದ್ದೀರಿ. ನೀವು ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ಬಂಡವಾಳವೆಲ್ಲ ಫ್ರಿಜ್ಜಿನೊಳಗೆ ಕೂತಿದೆ. ವೀಗನ್ ಚೀಸ್, ಮಾಂಸದ ಬದಲಿ ಪದಾರ್ಥಗಳು ದುಬಾರಿ, ಅವಧಿಯೂ ಬೇಗ ಮುಗಿಯುತ್ತದೆ. ಗಿರಾಕಿ ಮೊದಲೇ ಹೇಳಿಟ್ಟರೆ ಮಾತ್ರ ತರಿಸಿ.

ಮುಂದಿನ ಕಪಾಟು ನಮ್ಮ ತಿಂಡಿಗಳಿಗಿರಲಿ. ಚಟ್ನಿಪುಡಿ, ಹುರಿಹಿಟ್ಟು, ಶೇಂಗಾ ಉಂಡೆ, ಎಣ್ಣೆಯಲ್ಲಿ ಬೇಯಿಸಿದ ಕಾಯಿ ಒಬ್ಬಟ್ಟು: ಇವನ್ನು ಕೊಳ್ಳಲು ಯಾರೂ ವೀಗನ್ ಆಗಬೇಕಿಲ್ಲ. ಹಾಲು ಅರಗದವರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಅವರಿಗೆ ಬೇಕಿರುವುದು ಹೊಟ್ಟೆ ಕೆಡಿಸದ ಕಾಫಿ. ಭಾನುವಾರ ಬೆಳಿಗ್ಗೆ ಸೋಯಾ ಪಾನೀಯದ ಫಿಲ್ಟರ್ ಕಾಫಿಯನ್ನು ರುಚಿ ನೋಡಲು ಕೊಡಿ. ಪಾನೀಯವನ್ನು ಹದವಾಗಿ ಬಿಸಿ ಮಾಡಿ, ಡಿಕಾಕ್ಷನ್ನನ್ನು ಅದಕ್ಕೆ ನಿಧಾನವಾಗಿ ಬೆರೆಸಿ. ಕುದಿಯುವಾಗ ಸುರಿದರೆ ಒಡೆಯುತ್ತದೆ.

ವ್ಯಾಪಾರಕ್ಕಾಗಿ ತುಪ್ಪವನ್ನೂ ಇಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಪ್ರತಿ ಪೊಟ್ಟಣದ ಹಿಂಬದಿ ಓದುವ ಕಷ್ಟ ತಪ್ಪುತ್ತದೆಂದೇ ವೀಗನ್ನರು ನಿಮ್ಮಲ್ಲಿಗೆ ಬರುವುದು. ಹಸಿರು ಚುಕ್ಕೆ ಸಸ್ಯಾಹಾರದ ಗುರುತಷ್ಟೇ. ಹಾಲಿನ ಪುಡಿ, ಜೇನುತುಪ್ಪ ಸೇರಿದ ಬಿಸ್ಕತ್ತಿನ ಮೇಲೂ ಅದು ಇರುತ್ತದೆ. 2022ರ ಎಫ್‌ಎಸ್‌ಎಸ್‌ಎಐ ನಿಯಮಗಳ ಪ್ರಕಾರ ವೀಗನ್ ಲಾಂಛನವೇ ಬೇರೆ, ಅದಕ್ಕೆ ಅನುಮೋದನೆ ಪಡೆಯಬೇಕು. ಮನೆಯಲ್ಲಿ ತಿಂಡಿ ಮಾಡಿಕೊಡುವ ಅಕ್ಕಂದಿರ ನೋಂದಣಿಯನ್ನೂ ವಿಚಾರಿಸಿ. ಹಾಗೆಯೇ ಒಬ್ಬಟ್ಟಿನ ಕಾವಲಿಗೆ ಅವರು ಏನು ಸವರುತ್ತಾರೆಂದು ಒಮ್ಮೆ ನಿಂತು ನೋಡಿ.