ಆಂಟೆನಾವನ್ನು ಎಷ್ಟು ಕಿರಿದಾಗಿಸಬಹುದು?

ಮಹದೇವಪುರದ ಬಹುಮಹಡಿ ಕಟ್ಟಡವೊಂದರ ನೆಲಮಾಳಿಗೆಗೆ ಇಳಿದೊಡನೆ ಮೊಬೈಲ್ ಮೂಕವಾಗುವುದು ನಮಗೆಲ್ಲ ಅನುಭವವೇದ್ಯ. ಆಪತ್ತಿನ ವೇಳೆಯಲ್ಲಿ ಇದು ಸಣ್ಣ ತೊಡಕಲ್ಲ. ಯಂತ್ರದ ಇತರ ಭಾಗಗಳೆಲ್ಲ ದಿನೇ ದಿನೇ ಕಿರಿದಾಗುತ್ತಿರುವಾಗ, ಆಂಟೆನಾವನ್ನೂ ನಾಣ್ಯದಷ್ಟು ಮಾಡಿ ಬೇಕಾದಷ್ಟನ್ನು ಒಳಗಿರಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇದನ್ನು ವಿಚಾರಿಸೋಣ.

ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುವುದಷ್ಟೆ. ಐದನೆಯ ಪೀಳಿಗೆಯ ಜಾಲಕ್ಕಾಗಿ 2022ರಲ್ಲಿ ಭಾರತದಲ್ಲಿ ಹರಾಜಾದ ಆವೃತ್ತಿಗಳಲ್ಲಿ 700 ಮೆಗಾಹರ್ಟ್ಸ್, 3300 ಮೆಗಾಹರ್ಟ್ಸ್ ಮತ್ತು 26 ಗಿಗಾಹರ್ಟ್ಸ್ ಪಟ್ಟಿಗಳೂ ಇದ್ದುವು. ಇವುಗಳ ತರಂಗದೂರಗಳು ಸುಮಾರು 43 ಸೆಂಟಿಮೀಟರ್, 9 ಸೆಂಟಿಮೀಟರ್ ಮತ್ತು 11.5 ಮಿಲಿಮೀಟರ್. ಸರಳವಾದ ತಂತಿಯ ಆಂಟೆನಾ ತರಂಗದೂರದ ಅರ್ಧದಷ್ಟಿರುತ್ತದೆ. ಅಂದರೆ ಮೊದಲನೆಯದಕ್ಕೆ 21 ಸೆಂಟಿಮೀಟರ್ ಬೇಕು. ಇದು ಅಂಗೈಯ ಯಂತ್ರದಲ್ಲಿ ಹಿಡಿಸದು. ಆದುದರಿಂದಲೇ ಎಷ್ಟೋ ಮೊಬೈಲುಗಳಲ್ಲಿ ಹೊರಗಿನ ಲೋಹದ ಚೌಕಟ್ಟನ್ನೇ ಆಂಟೆನಾದ ಅಂಗವಾಗಿ ಬಳಸುತ್ತಾರೆ.

ಅರ್ಧ ತರಂಗದೂರದ ಆಂಟೆನಾದ ವಿಕಿರಣ ರೋಧ ಸುಮಾರು 73 ಓಮ್. ಉದ್ದವನ್ನು ತರಂಗದೂರದ ಹತ್ತನೆಯ ಒಂದಂಶಕ್ಕೆ ಇಳಿಸಿದರೆ ಅದು ಸುಮಾರು 2 ಓಮ್ ಮಾತ್ರ. ಲೋಹ ಮತ್ತು ಜೋಡಣೆಗಳ ರೋಧವೂ 2 ಓಮ್ ಇದ್ದಿತೆನ್ನಿ: ಮೊದಲಿನದರಲ್ಲಿ ಶಕ್ತಿಯ ನೂರಕ್ಕೆ 97 ಭಾಗ ಅಲೆಯಾಗಿ ಹೊರಡುವುದು, ಎರಡನೆಯದರಲ್ಲಿ ಅರ್ಧ ಶಕ್ತಿ ಶಾಖವಾಗಿ ವ್ಯರ್ಥವಾಗುವುದು. ಇನ್ನೊಂದು ನಷ್ಟವೂ ಉಂಟು. 1948ರಲ್ಲಿ ಎಲ್. ಜೆ. ಚು ಎಂಬ ವಿಜ್ಞಾನಿ ತೋರಿಸಿದಂತೆ, ತರಂಗದೂರಕ್ಕಿಂತ ಬಹು ಚಿಕ್ಕದಾದ ಆಂಟೆನಾದ ಗಾತ್ರವನ್ನು ಅರ್ಧಕ್ಕಿಳಿಸಿದರೆ, ಅದು ನಿಭಾಯಿಸಬಲ್ಲ ಆವೃತ್ತಿಗಳ ಹರಹು ಹೆಚ್ಚೆಂದರೆ ಎಂಟನೆಯ ಒಂದು ಪಾಲಿನಷ್ಟು ಉಳಿಯುವುದು. ಹರಹು ಕುಗ್ಗಿದರೆ ಸುದ್ದಿ ಸಾಗುವ ವೇಗವೂ ಕುಗ್ಗುತ್ತದೆ.

ಡೈಎಲೆಕ್ಟ್ರಿಕ್ ವಸ್ತುವಿನ ಆಸರೆ ಒಂದು ಉಪಾಯ. ಅದರ ಸಾಪೇಕ್ಷ ಸ್ಥಿರಾಂಕ 9 ಇದ್ದರೆ ಅದರೊಳಗೆ ತರಂಗದೂರ ಮೂರನೆಯ ಒಂದಂಶವಾಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ರಾಜೇಶ್ವರಿ ಚಟರ್ಜಿಯವರು ಇಂತಹ ಆಂಟೆನಾಗಳನ್ನು ಕುರಿತು 1985ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಆದರೆ ಶಕ್ತಿ ಆ ವಸ್ತುವಿನಲ್ಲೇ ಹೆಚ್ಚಾಗಿ ಸಂಗ್ರಹವಾಗುವುದರಿಂದ ಇಲ್ಲಿಯೂ ಹರಹು ಕುಗ್ಗುವುದು ತಪ್ಪದು.

26 ಗಿಗಾಹರ್ಟ್ಸ್‌ನಲ್ಲಿ ಈ ಕಷ್ಟವಿಲ್ಲ. ಅರ್ಧ ತರಂಗದೂರ 6 ಮಿಲಿಮೀಟರಿಗೂ ಕಡಿಮೆ. ಸಾಲಿಗೆ ಎಂಟರಂತೆ 64 ಆಂಟೆನಾಗಳು 5 ಸೆಂಟಿಮೀಟರ್ ಚೌಕದೊಳಗೆ ಕೂಡುತ್ತವೆ. ಒಂದೊಂದರ ಅಲೆಯನ್ನೂ ತಕ್ಕಷ್ಟು ಹಿಂದುಮುಂದು ಮಾಡಿ, ಕಿರಣವನ್ನು ಬೇಕಾದ ಕಡೆಗೆ ತಿರುಗಿಸಬಹುದು. ಆದರೆ ಈ ಅಲೆಗಳನ್ನು ಕಾಂಕ್ರೀಟಿನ ಗೋಡೆ ಬಹುಮಟ್ಟಿಗೆ ತಡೆದುಬಿಡುತ್ತದೆ. ನೆಲಮಾಳಿಗೆಯತ್ತ ಹೆಚ್ಚು ಸುಲಭವಾಗಿ ಇಳಿಯಬಲ್ಲುದು 700 ಮೆಗಾಹರ್ಟ್ಸ್. ಕಿರಿದಾಗಲು ಒಪ್ಪದ ಆಂಟೆನಾವೂ ಅದರದೇ!

ಹೀಗೆ ಗಾತ್ರ, ದಕ್ಷತೆ, ಹರಹು ಈ ಮೂರರಲ್ಲಿ ಒಂದನ್ನು ಪಡೆಯಲು ಮತ್ತೊಂದನ್ನು ತೆರಬೇಕು. ಎಲ್ಲಿ ಎಷ್ಟು ತೆರಬೇಕೆಂದು ಅರಿಯುವುದೇ ವಿನ್ಯಾಸಕಾರನ ವಿವೇಕ. 3300 ಮೆಗಾಹರ್ಟ್ಸ್ ಅಲೆಗೆ, ಸ್ಥಿರಾಂಕ 4 ಇರುವ ವಸ್ತುವಿನೊಳಗೆ ಅರ್ಧ ತರಂಗದೂರ ಎಷ್ಟಾಗುವುದೆಂದು ವಾಚಕರು ತಾವೇ ಗಣಿಸಿ ನೋಡಲಿ.