ಎರಡು ನಾಣ್ಯ, ಎರಡು ಡಿಸ್ಕ್

ಆಗುಂಬೆ ಘಾಟಿ ಇಳಿಯುವಾಗ ಸದ್ದು ಮೊದಲು ಕೇಳಿಸಿದ್ದು ಹೆಂಡತಿಗೆ. "ಬ್ರೇಕ್ ಒತ್ತಿದಾಗೆಲ್ಲ ಕೀಂಯ್ ಅಂತಿದೆ ಕಣ್ರೀ" ಎಂದಳು. ನಾನು ಕಿಟಕಿ ಏರಿಸಿದೆ. ಸೋಮೇಶ್ವರ ತಲುಪುವ ಹೊತ್ತಿಗೆ ಕಿಟಕಿ ಏರಿಸಿದ್ದರೂ ಕೇಳುತ್ತಿತ್ತು.

ಶಿವಮೊಗ್ಗಕ್ಕೆ ಮರಳಿ ಗಾಡಿಯನ್ನು ಸರ್ವಿಸ್ ಸೆಂಟರಿಗೆ ಬಿಟ್ಟೆ. ಮಧ್ಯಾಹ್ನ ಫೋನಿಗೆ ಎಸ್ಟಿಮೇಟ್ ಬಂತು: ಮುಂದಿನ ಎರಡು ಡಿಸ್ಕಿಗೆ 4,200, ಪ್ಯಾಡಿಗೆ 2,150, ಕ್ಯಾಲಿಪರ್ ಸರ್ವಿಸಿಗೆ 1,400, ಬ್ರೇಕ್ ಆಯಿಲ್ ಬದಲಿಸಲು 480, ಕೂಲಿ 1,300. ಒಟ್ಟು 9,530 ರೂಪಾಯಿ, ಅದೂ ಹತ್ತು ವರ್ಷದ ಗಾಡಿಗೆ. "ಬ್ರೇಕ್ ವಿಷಯ ಸಾರ್, ರಿಸ್ಕ್ ತಗೋಬೇಡಿ" ಎಂದ ಅಲ್ಲಿನ ಹುಡುಗ. ಈ ಮಾತಿನ ಮುಂದೆ ಚೌಕಾಸಿ ನಡೆಯುವುದಿಲ್ಲ. ಹೆದರಿಕೊಂಡಾಗ ಬಿಲ್ಲಿನ ಸಾಲುಗಳನ್ನು ಯಾರು ಓದುತ್ತಾರೆ, ಕೊನೆಯ ಮೊತ್ತ ನೋಡಿ ಸಹಿ ಹಾಕುವುದೇ. ನಾನೂ ಎಷ್ಟೋ ಸಲ ಹಾಕಿದ್ದೇನೆ. ಈ ಸಲ ಮಾತ್ರ, "ಡಿಸ್ಕ್ ಎಷ್ಟು ದಪ್ಪ ಉಳಿದಿದೆ?" ಎಂದು ಕೇಳಿದೆ. "ನೋಡಿದ್ರೇ ಗೊತ್ತಾಗುತ್ತೆ ಸಾರ್" ಎಂದ. ಯಾರೂ ಅಳೆದಿಲ್ಲ ಎಂಬುದು ನನಗೂ ಗೊತ್ತಾಯಿತು. ಗಾಡಿ ವಾಪಸ್ ತಂದೆ.

ಆ ಕೀಂಯ್ ಸದ್ದು ವಾಸ್ತವವಾಗಿ ರೋಗವಲ್ಲ, ಮುನ್ಸೂಚನೆ. ಅನೇಕ ಪ್ಯಾಡುಗಳಲ್ಲಿ ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಎರಡು-ಮೂರು ಮಿಲಿಮೀಟರಿಗೆ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಅದನ್ನು ಕಡೆಗಣಿಸಿದರೆ ಕಿರುಚಾಟ ನಿಂತು ಗರಗರ ಶುರುವಾಗುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಆಗ ಡಿಸ್ಕೂ ಹೋಯಿತು ಅಂತಲೇ ಲೆಕ್ಕ. ಮಳೆಗಾಲದ ಬೆಳಿಗ್ಗೆ ಒಂದೆರಡು ಸಲ ಬ್ರೇಕ್ ಹಿಡಿಯುವಷ್ಟರಲ್ಲಿ ಮಾಯವಾಗುವ ಕರಕರ ಬೇರೆ. ಅದು ರಾತ್ರಿ ಕೂತ ತುಕ್ಕು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಭಾನುವಾರ ಹೆಂಡತಿಯ ತಮ್ಮ ಬಂದ. ಲೇತ್ ಅಂಗಡಿಯಲ್ಲಿ ಕೆಲಸ ಮಾಡುವವನು, ಬರುವಾಗ ವರ್ನಿಯರ್ ತಂದಿದ್ದ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಜಾಕಿ ಏರಿಸಿದೆವು. ಬಿಚ್ಚಿದ ಚಕ್ರವನ್ನು ಗಾಡಿಯ ಕೆಳಗೇ ತೂರಿಸಿಟ್ಟ. ಜಾಕಿ ಜಾರಿದರೆ ಗಾಡಿ ಅದರ ಮೇಲೆ ಕೂರುತ್ತದೆ, ನಮ್ಮ ಮೇಲಲ್ಲ.

ಡಿಸ್ಕಿನ ತುಕ್ಕು ಕೆರೆದಾಗ ಅಚ್ಚೊತ್ತಿದ ಅಕ್ಷರ ಕಂಡಿತು: ಕನಿಷ್ಠ ದಪ್ಪ 15 ಮಿ.ಮೀ. ವರ್ನಿಯರ್ ಹಿಡಿದೆ, 16.9. ನಾನು ಹಿಗ್ಗುವಷ್ಟರಲ್ಲಿ ಅವನು ತಡೆದ: "ಭಾವ, ಅಂಚಲ್ಲಿ ಏಣು ನಿಂತಿದೆ. ಪ್ಯಾಡ್ ತಾಗದ ಜಾಗ ಅದು, ಹಾಗೆ ಅಳೆದ್ರೆ ಜಾಸ್ತಿನೇ ತೋರ್ಸೋದು. ಎರಡು ನಾಣ್ಯ ಕೊಡಿ." ಜೇಬಿನಿಂದ ಒಂದು ರೂಪಾಯಿಯ ಎರಡು ನಾಣ್ಯ ಕೊಟ್ಟೆ. ಎರಡನ್ನೂ ಒಟ್ಟಿಗೆ ಅಳೆದ, 2.9. ಆಮೇಲೆ ಏಣಿನ ಒಳಗಡೆ, ಡಿಸ್ಕಿನ ಆಚೆಗೊಂದು ಈಚೆಗೊಂದು ನಾಣ್ಯ ಒತ್ತಿ ಹಿಡಿದು ಅಳೆದರೆ 19.1. ಕಳೆದರೆ 16.2. ಇನ್ನೊಂದು ಬದಿಯದು 16.3. ಡಿಸ್ಕಿಗೆ ಇನ್ನೂ ಆಯುಷ್ಯವಿತ್ತು, 4,200ರ ಸಾಲು ಅಲ್ಲೇ ಬಿದ್ದುಹೋಯಿತು. ನಾಣ್ಯಗಳು ಜೇಬಿಗೆ ವಾಪಸ್ ಬಂದವು.

ಆದರೆ ಸರ್ವಿಸ್ ಸೆಂಟರಿನವರ ಇನ್ನೊಂದು ಸಾಲು ಸುಳ್ಳಾಗಿರಲಿಲ್ಲ. ಎಡ ಚಕ್ರದ ಹೊರ ಪ್ಯಾಡ್ ಐದು ಮಿ.ಮೀ. ಇದ್ದರೆ ಒಳಗಿನದು ಎರಡೇ. ಕ್ಯಾಲಿಪರ್ ಸರಿದಾಡಬೇಕಾದ ಪಿನ್ನಿನ ಗ್ರೀಸ್ ಒಣಗಿ ಪಿನ್ ಹಿಡಿದುಕೊಂಡಿತ್ತು. ಹೀಗಾದಾಗ ಬರೀ ಪ್ಯಾಡ್ ಬದಲಿಸಿದವರು ವರ್ಷದೊಳಗೆ ಮತ್ತೆ ಪ್ಯಾಡ್ ಕೊಳ್ಳುತ್ತಾರೆ. ಬ್ರೇಕಿಗೆಂದೇ ಮಾಡಿದ ಗ್ರೀಸಿನ ಪ್ಯಾಕೆಟ್ಟಿಗೆ 60 ರೂಪಾಯಿ. ಪ್ಯಾಡ್ ಸೆಟ್ಟಿಗೆ ಅಂಗಡಿಯವರು ಡಬ್ಬಿಯ ಮೇಲಿನ ಹಳೆಯ ಎಂಆರ್‌ಪಿ ಓದಿದರು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆಯಲ್ಲ ಎಂದು ನೆನಪಿಸಿದ ಮೇಲೆ ಬಿಲ್ 1,480ಕ್ಕೆ ಬಂತು. ತೊಳೆಯುವ ಸ್ಪ್ರೇ 320. ಒಟ್ಟು 1,860.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಬುದ್ಧಿವಂತ ಎನಿಸಿಕೊಳ್ಳುತ್ತಿದ್ದೆ. ತಿಂಗಳ ಹಿಂದೆ ಬ್ರೇಕ್ ಆಯಿಲ್ ಕೆಳಗಿನ ಗೆರೆಗೆ ಇಳಿದದ್ದು ನೋಡಿ ಮೇಲಿನ ಗೆರೆಯವರೆಗೆ ತುಂಬಿಸಿದ್ದೆ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಆಯಿಲ್ ಇಳಿಯುತ್ತದೆ. ಸೋರಿಕೆ ಇಲ್ಲದಿದ್ದರೆ ಅದೇ ಪ್ಯಾಡಿನ ಲೆಕ್ಕ ಹೇಳುತ್ತದೆ. ಈಗ ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಆ ಹೆಚ್ಚಿನ ಆಯಿಲ್ ಉಕ್ಕಿ ಫೆಂಡರ್ ಮೇಲೆ ಹರಿಯಿತು. ಹೆಸರಿಗೆ ಆಯಿಲ್, ಬಣ್ಣ ಕೀಳುವುದರಲ್ಲಿ ಥಿನ್ನರಿನ ತಮ್ಮ. ತಕ್ಷಣ ನೀರು ಹುಯ್ದಿದ್ದರೆ ಉಳಿಯುತ್ತಿತ್ತು, ನಾನು ನೋಡಿದ್ದು ಸಂಜೆ. ಪೇಂಟರ್ 1,800 ತೆಗೆದುಕೊಂಡ. ಹೆಂಡತಿ ಖರ್ಚಿನ ಪುಸ್ತಕದಲ್ಲಿ ಅದನ್ನೂ ಬ್ರೇಕಿನ ಲೆಕ್ಕಕ್ಕೇ ಬರೆದಳು. 3,660. ಸರಿಯೇ.

ಗಾಡಿ ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ಮೊದಲ ಸಲ ಒತ್ತಿದಾಗ ಅದು ಕೆಳಮಟ್ಟಕ್ಕೆ ಹೋಗಿ ನನ್ನ ಎದೆ ಧಸಕ್ಕೆಂದಿತು, ನಾಲ್ಕನೆಯದಕ್ಕೆ ನಿಂತಿತು. ಗೇಟಿನ ಹೊರಗೆ ತೆಗೆಯುವ ಮೊದಲು ನಮ್ಮ ಬಡಾವಣೆಯ ಮೆಕ್ಯಾನಿಕ್ಕನ್ನು ಕರೆಸಿ ಎಲ್ಲ ಬೋಲ್ಟ್ ತೋರಿಸಿದೆ. ಇನ್ನೂರು ಕೊಟ್ಟರೆ ನೂರು ಸಾಕೆಂದರು.

ಪ್ಯಾಡಿನ ಆಚೆಗೆ ನನ್ನ ಕೈ ಹೋಗುವುದಿಲ್ಲ. ಪೆಡಲ್ ಸ್ಪಂಜಿನಂತಾದರೆ ಪೈಪಿನಲ್ಲಿ ಗಾಳಿ. ಒತ್ತಿ ಹಿಡಿದಾಗ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರ್. ಇವೆರಡಕ್ಕೂ ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸುತ್ತೇನೆ, ಕೂಲಿಯ ಮಾತೇ ಎತ್ತುವುದಿಲ್ಲ.

ಈಗ ಹಿಂದಿನ ಡ್ರಮ್ಮಿನ ಸರದಿ. ಹ್ಯಾಂಡ್‌ಬ್ರೇಕ್ ಮೊದಲು ಐದು ಹಲ್ಲಿಗೆ ನಿಲ್ಲುತ್ತಿತ್ತು, ಈಗ ಒಂಬತ್ತು. ಶನಿವಾರ ಗಾಡಿ ಅದೇ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋಗುತ್ತದೆ. ಡ್ರಮ್ ಬಿಚ್ಚುವಾಗ ನಾನೂ ಇರಬೇಕು, ಲೈನರ್ ಎಷ್ಟು ಉಳಿದಿದೆ ನೋಡಬೇಕು ಎಂದೆ. "ಬನ್ನಿ ಸಾರ್, ಸ್ಟೂಲ್ ಹಾಕಿಸ್ತೀನಿ" ಎಂದಿದ್ದಾರೆ.